ದೋಣಿಗೆ ಲೈಸೆನ್ಸ್ ಬೇಕಾ?

ಪ್ರಶ್ನೆ: ಜುಲೈನಲ್ಲಿ ಇಂಗ್ಲೆಂಡಿನ ಮಗಳ ಮನೆಗೆ ಹೋಗುತ್ತಿದ್ದೇವೆ. ನ್ಯಾರೋಬೋಟ್ (ಕಾಲುವೆಯಲ್ಲಿ ಓಡಿಸುವ ಉದ್ದನೆಯ, ಕಿರಿದಾದ ದೋಣಿ) ಬಾಡಿಗೆಗೆ ಪಡೆದು ಕಾಲುವೆ ಸುತ್ತುವ ಆಸೆ. ಯಜಮಾನರಿಗೆ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಿ ಗೊತ್ತಿಲ್ಲ. ಆಗುತ್ತಾ?
– ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ. ಲೈಸೆನ್ಸ್ ಬೇಡ, ದೋಣಿ ಬಾಡಿಗೆಗೆ ಕೊಡುವವರೇ ಕಲಿಸುತ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ. ದಡದಲ್ಲಿ ಜಾಗಿಂಗ್ ಮಾಡುವವರು ನಿಮ್ಮನ್ನು ಹಿಂದೆ ಹಾಕುತ್ತಾರೆ, ಯಜಮಾನರಿಗೆ ಮೊದಲೇ ಹೇಳಿಡಿ! ಚುಕ್ಕಾಣಿಯ ಹಿಡಿಕೆಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಎದುರು ದೋಣಿ ಬಂದರೆ ಬಲಕ್ಕೆ ಸರಿಯಬೇಕು, ರಸ್ತೆಯ ಹಾಗೆ ಎಡಕ್ಕಲ್ಲ. ಲಾಕ್‌ನಲ್ಲಿ (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಮೇಲೆ-ಕೆಳಗೆ ಸಾಗಿಸುವ, ಎರಡೂ ಕಡೆ ಗೇಟಿರುವ ತೊಟ್ಟಿ) ಕೆಳಗಿಳಿಯುವಾಗ ಮಾತ್ರ ಹರಟೆ ಬೇಡ. ಮೇಲಿನ ಗೇಟಿನ ಬುಡದಲ್ಲಿ ಒಂದು ಕಟ್ಟೆ ಇರುತ್ತದೆ. ನೀರು ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮುಳುಗಬಹುದು. ದೋಣಿ ಮುಂದಕ್ಕೇ ಇರಲಿ. ಡಿವೈಜಸ್ ಊರಿನ 29 ಲಾಕ್‌ಗಳ ಸಾಲು ಈ ಸಲ ಬೇಡ. ಬ್ರಾಡ್‌ಫರ್ಡ್-ಆನ್-ಏವನ್ ಊರಿನಿಂದ ಬಾತ್ ನಗರದ ಕಡೆ ಹೋಗಿ, ಅಲ್ಲಿ ಲಾಕ್ ಕಡಿಮೆ. ದಾರಿಯಲ್ಲಿ ಡಂಡಸ್ ಹತ್ತಿರ ಕಾಲುವೆಯೇ ಸೇತುವೆಯ ಮೇಲೆ ಹರಿದು ಏವನ್ ನದಿಯನ್ನು ದಾಟುತ್ತದೆ.