ಹುಡುಗಿ ಅಮ್ಮನ ಜೊತೆ ಹೋದರೆ ರಿಂಕೊ ಸೋತಳೇ?

ಮಾನ್ಯರೇ,

ಜಪಾನಿನ ‘ಕ್ಲೋಸ್-ನಿಟ್’ ಸಿನಿಮಾದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿ, ಸಿನಿಮಾವನ್ನೂ ನೋಡಿ ಪತ್ರ ಬರೆದಿದ್ದೀರಿ. ಸಂತೋಷ. ಕೊನೆಗೆ ಹುಡುಗಿ ಹೆತ್ತವಳ ಹಿಂದೆಯೇ ಹೋದಳಲ್ಲ, ಹಾಗಾದರೆ ಸಿನಿಮಾ ರಕ್ತಸಂಬಂಧಕ್ಕೇ ಮಣೆ ಹಾಕಿದಂತಲ್ಲವೇ ಎಂಬುದು ನಿಮ್ಮ ಮೊದಲ ತಕರಾರು. ಟ್ರಾನ್ಸ್‌ಜೆಂಡರ್ ಹೆಣ್ಣಿನ ಪಾತ್ರವನ್ನು ಗಂಡಸಿಗೆ ಯಾಕೆ ಕೊಟ್ಟರು ಎಂಬುದು ಎರಡನೆಯದು. ಹನ್ನೊಂದರ ಮಗಳಿಗೆ ತೋರಿಸಬಹುದೇ ಎಂದೂ ಕೇಳಿದ್ದೀರಿ.

ಮೊದಲನೆಯದನ್ನು ನಾನು ಒಪ್ಪಲಾರೆ. ನವೊಕೊ ಒಗಿಗಾಮಿ ನಿರ್ದೇಶಿಸಿದ ಈ 2017ರ ಸಿನಿಮಾದಲ್ಲಿ ತೊಮೊ ಎಂಬ ಆ ಹುಡುಗಿ ಸೋದರಮಾವ ಮಕಿಯೊನ ಮನೆ ಸೇರುವುದು ಅಮ್ಮ ಹೇಳದೆ ಕೇಳದೆ ಹೊರಟುಹೋದದ್ದಕ್ಕೆ. ಅಲ್ಲಿ ಅವನ ಸಂಗಾತಿ, ಟ್ರಾನ್ಸ್‌ಜೆಂಡರ್ ಹೆಣ್ಣು ರಿಂಕೊ ಇದ್ದಾಳೆ. ವೃದ್ಧಾಶ್ರಮದಲ್ಲಿ ಮಕಿಯೊನ ಅರಳುಮರಳಿನ ತಾಯಿಯ ಆರೈಕೆ ಮಾಡುತ್ತಿದ್ದವಳು; ಅವನು ಮನಸೋತದ್ದೂ ಅಲ್ಲಿಯೇ. ಅಂಗಡಿಯ ಅನ್ನದುಂಡೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಹುಡುಗಿಗೆ ಅವಳು ಬುತ್ತಿ ಕಟ್ಟಿಕೊಡುತ್ತಾಳೆ. ಅಮ್ಮ ಮರಳಿ ಬಂದಾಗ ತೊಮೊ ಓಡಿಹೋಗಿ ತಬ್ಬಿಕೊಳ್ಳುವುದಿಲ್ಲ, ಇಷ್ಟು ದಿನ ಯಾಕೆ ಬರಲಿಲ್ಲವೆಂದು ಸಿಡಿದೇಳುತ್ತಾಳೆ. ಹಾಗಿದ್ದೂ ಹೋಗುತ್ತಾಳೆ. ಹೋಗುವಾಗ ರಿಂಕೊಳ ಉಡುಗೊರೆ ಅವಳ ಕೈಯಲ್ಲಿರುತ್ತದೆ. ಅಮ್ಮ ಎಷ್ಟೇ ಬೇಜವಾಬ್ದಾರಿಯವಳಾದರೂ ಮಗುವಿಗೆ ಅವಳು ಬೇಕು. ಅದರಿಂದ ಮಾವನ ಮನೆಯಲ್ಲಿ ಸಿಕ್ಕಿದ್ದು ಸುಳ್ಳಾಗುತ್ತದೆಯೇ?

ಇನ್ನೊಂದನ್ನು ನೀವು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಜಪಾನಿನಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಹೇಳುವುದು ‘ಕೊಸೆಕಿ’ ಎಂಬ ಸರ್ಕಾರಿ ಕುಟುಂಬ ದಾಖಲೆ. ರಿಂಕೊಗೆ ಶಸ್ತ್ರಚಿಕಿತ್ಸೆ ಆಗಿದೆ, ದಾಖಲೆಯಲ್ಲಿ ಇನ್ನೂ ಗಂಡು. ಹಾಗಾಗಿ ಮಕಿಯೊನನ್ನು ಮದುವೆಯಾಗುವಂತಿಲ್ಲ, ಆಸ್ಪತ್ರೆ ಸೇರಿದರೆ ಗಂಡಸರ ವಾರ್ಡೇ ಗತಿ. ದಾಖಲೆ ಬದಲಿಸಲು 2003ರಲ್ಲಿ ಕಾನೂನು ಮಾಡಿದರು, ಮರುವರ್ಷ ಜಾರಿಗೆ ಬಂತು. ಅದರ ಷರತ್ತುಗಳನ್ನು ಓದಿದರೆ ಮೈ ಜುಮ್ಮೆನ್ನುತ್ತದೆ: ಮದುವೆಯಾಗಿರಬಾರದು, ಸಂತಾನಶಕ್ತಿ ಇರಬಾರದು, ವಯಸ್ಸಿಗೆ ಬಾರದ ಮಕ್ಕಳಿರಬಾರದು. ಟ್ರಾನ್ಸ್‌ಜೆಂಡರ್ ವ್ಯಕ್ತಿ ಬೆಳೆಯುವ ಮಗುವಿಗೆ ಅಪ್ಪನೋ ಅಮ್ಮನೋ ಆಗಿರಬಹುದೆಂಬುದನ್ನೇ ಈ ಕಾನೂನು ಒಪ್ಪುವುದಿಲ್ಲ. ಸಂತಾನಶಕ್ತಿಯ ಷರತ್ತು ಸಂವಿಧಾನಬಾಹಿರವೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 2023ರ ಅಕ್ಟೋಬರ್ 25ರಂದು, ಸಿನಿಮಾ ಬಂದು ಆರು ವರ್ಷ ಕಳೆದ ಮೇಲೆ. ಮಕ್ಕಳ ಷರತ್ತನ್ನು ಆ ತೀರ್ಪು ಮುಟ್ಟಲಿಲ್ಲ. ತೊಮೊಳನ್ನು ತಮ್ಮಲ್ಲೇ ಉಳಿಸಿಕೊಳ್ಳಲು ರಿಂಕೊಳ ಬಳಿ ಬುತ್ತಿ, ಉಲ್ಲನ್ ನೂಲು, ಹೆಣೆಯುವ ಕಡ್ಡಿ ಬಿಟ್ಟರೆ ಬೇರೇನಿತ್ತು?

ಉಲ್ಲನ್ನಿನ ಆ ಪ್ರಸಂಗವನ್ನು ಬರಹದಲ್ಲಿ ಬಿಟ್ಟದ್ದು ಯಾಕೆಂದು ಬೇರೆ ಓದುಗರೂ ಕೇಳಿದ್ದಾರೆ. ಜಾಗವಿರಲಿಲ್ಲ, ಅಷ್ಟೆ. ಅವಮಾನವಾದಾಗಲೆಲ್ಲ ಜಗಳವಾಡದೆ ಹೆಣೆಯಲು ಕೂರುತ್ತಾಳೆ ರಿಂಕೊ. ಅವಳು ಹೆಣೆಯುವುದು ಗಂಡಸಿನ ಜನನಾಂಗಗಳನ್ನು, ಒಟ್ಟು 108. ಬೌದ್ಧರು ಎಣಿಸುವ ಮನುಷ್ಯನ ಕ್ಲೇಶಗಳೂ ಅಷ್ಟೇ. ವರ್ಷದ ಕೊನೆಯ ರಾತ್ರಿ ಜಪಾನಿನ ದೇವಾಲಯಗಳಲ್ಲಿ ಗಂಟೆ ಬಾರಿಸುವುದೂ ಅಷ್ಟೇ ಸಲ. ಮುಗಿದ ಮೇಲೆ ಎಲ್ಲವನ್ನೂ ಸುಟ್ಟು ದಾಖಲೆಯಲ್ಲಿ ಹೆಣ್ಣಾಗುವುದು ಅವಳ ಲೆಕ್ಕಾಚಾರ. ಮಾವನೂ ಸೊಸೆಯೂ ಪಕ್ಕದಲ್ಲಿ ಕೂತು ಕೈಜೋಡಿಸುತ್ತಾರೆ. ಇದನ್ನು ಅಶ್ಲೀಲ ಎನ್ನುವವರಿದ್ದಾರೆ. ನನಗಂತೂ ನಗು ಬಂತು, ಆ ಮೂವರ ಮೇಲೆ ಅಕ್ಕರೆಯೂ ಬಂತು.

ಎರಡನೆಯ ತಕರಾರಿಗೆ ತೂಕವಿದೆ. ರಿಂಕೊಳ ಪಾತ್ರದಲ್ಲಿ ನಟ ತೊಮಾ ಇಕುತಾ ಸಂಯಮದಿಂದ ನಟಿಸಿದ್ದಾರೆ, ಬರ್ಲಿನ್ ಚಿತ್ರೋತ್ಸವದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಕುರಿತ ಸಿನಿಮಾಗಳಿಗೆ ಕೊಡುವ ಟೆಡ್ಡಿ ಜ್ಯೂರಿ ಪ್ರಶಸ್ತಿಯೂ ಸಿನಿಮಾಕ್ಕೆ ಬಂತು. ಆದರೂ ಟ್ರಾನ್ಸ್‌ಜೆಂಡರ್ ಕಲಾವಿದರಿಗೆ ಅವರದೇ ಪಾತ್ರ ಸಿಗದಿದ್ದರೆ ಇನ್ಯಾವ ಪಾತ್ರ ಸಿಕ್ಕೀತು? ನಮ್ಮ ‘ನಾನು ಅವನಲ್ಲ ಅವಳು’ ಸಿನಿಮಾದಲ್ಲಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಈ ಪ್ರಶ್ನೆ ಅಲ್ಲಿಯೂ ಇತ್ತು.

ಮಗಳ ಜೊತೆ ಧಾರಾಳವಾಗಿ ನೋಡಿ, ಆದರೆ ಅವಳೊಬ್ಬಳನ್ನೇ ಕೂರಿಸಬೇಡಿ. ತೊಮೊಳ ಸಹಪಾಠಿ ಹುಡುಗ, ಇನ್ನೊಬ್ಬ ಹುಡುಗನನ್ನು ಇಷ್ಟಪಟ್ಟದ್ದು ತನ್ನ ಅಮ್ಮನಿಗೆ ತಿಳಿದು, ಜೀವ ಕಳೆದುಕೊಳ್ಳಲು ಹೊರಡುತ್ತಾನೆ. ಅಲ್ಲಿ ಮಗಳು ಏನಾದರೂ ಕೇಳಿಯೇ ಕೇಳುತ್ತಾಳೆ. ಸಿನಿಮಾ ನಿಲ್ಲಿಸಿ ಮಾತಾಡಿ.

— ಸಂಪಾದಕ