ಕೆನಡಾ: ಮೂಲನಿವಾಸಿಗೆ ಬೇರೆ ನ್ಯಾಯವೆ?

ಪ್ರಶ್ನೆ: ಕೆನಡಾದಲ್ಲಿ ಮೂಲನಿವಾಸಿ ಅಪರಾಧಿಗೆ ಶಿಕ್ಷೆಯಲ್ಲಿ ರಿಯಾಯಿತಿಯಂತೆ. ಉಳಿದವರಿಗೆ ಅನ್ಯಾಯವಲ್ಲವೆ?

ಉತ್ತರ: ರಿಯಾಯಿತಿ ಅನ್ನುವುದೇ ತಪ್ಪು. ದಂಡಸಂಹಿತೆಯ 718.2(ಇ) ಕಲಮು ಹೇಳುವುದಿಷ್ಟು: ಜೈಲಿಗೆ ಸೂಕ್ತ ಬದಲಿ ದಾರಿಯಿದ್ದರೆ ಎಲ್ಲರಿಗೂ ಅದನ್ನು ಪರಿಗಣಿಸಿ, ಮೂಲನಿವಾಸಿಗಳ ಸ್ಥಿತಿಗತಿಗೆ ವಿಶೇಷ ಗಮನ ಕೊಡಿ. ಅಲ್ಲಿನ ಸುಪ್ರೀಂ ಕೋರ್ಟ್ 1999ರಲ್ಲಿ ಕೊಟ್ಟ ಗ್ಲಾಡ್ಯೂ ತೀರ್ಪಿನಿಂದಾಗಿ ನ್ಯಾಯಾಧೀಶರು ಹಿನ್ನೆಲೆ ನೋಡಲೇಬೇಕು. ಅದಕ್ಕೆಂದೇ ಒಂದು ವರದಿ: ಅಪರಾಧಿಯ ಅಜ್ಜಿಯನ್ನು (ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಡುತ್ತಿದ್ದ) ವಸತಿಶಾಲೆಗೆ ಎಳೆದೊಯ್ದಿದ್ದರೇ, ಈತ ಬಾಲ್ಯದಲ್ಲಿ ಎಷ್ಟು ಸಾಕುಮನೆ ಬದಲಿಸಿದ, ಊರಲ್ಲಿ ವ್ಯಸನಮುಕ್ತಿಗೆ ಏನು ವ್ಯವಸ್ಥೆ.

ಎಡವಟ್ಟಾಗುವುದೂ ಇಲ್ಲೇ. ವರದಿಗೆ ವಾರಗಟ್ಟಲೆ ಹಿಡಿಯುತ್ತದೆ. ಜಾಮೀನು ಸಿಗದವನು ಕಾಯಲಾರದೆ ‘ಬೇಡ’ ಅಂದುಬಿಡಬಹುದು. ಹಿನ್ನೆಲೆಯೇ ಅಪರಾಧಕ್ಕೆ ಕಾರಣವೆಂದು ಸಾಬೀತುಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿತು. ಇಷ್ಟಾದರೂ ಜನಸಂಖ್ಯೆಯ ಸುಮಾರು ಶೇ. 5ರಷ್ಟಿರುವ ಮೂಲನಿವಾಸಿಗಳು ಫೆಡರಲ್ (ಕೇಂದ್ರ ಸರ್ಕಾರದ) ಜೈಲುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ರಿಯಾಯಿತಿಯ ಲೆಕ್ಕ ಹೀಗಿರುತ್ತದೆಯೇ?