ಸ್ಪ್ಲೈಸಿಂಗ್ ಮಷಿನ್‌ಗೆ ರಿಮೋಟ್ ಲಾಕ್ ಇದ್ದರೆ ಕಳ್ಳತನ ತಪ್ಪುತ್ತಾ?

ನಿಮ್ಮ ಮನೆಮನೆ ಫೈಬರ್ ಕೆಲಸದ ತಂಡದ ಸ್ಪ್ಲೈಸಿಂಗ್ ಮಷಿನ್ (ಫೈಬರ್ ಕೇಬಲ್‌ನ ಗಾಜಿನ ಎಳೆಗಳನ್ನು ಬೆಸೆಯುವ ಯಂತ್ರ) ರಾತ್ರಿ ಗಾಡಿಯಿಂದ ಕಳುವಾಗಿದೆ. ಹೊಸದು ಕೊಳ್ಳುವಾಗ ರಿಮೋಟ್ ಲಾಕ್ ಇರುವುದಕ್ಕೆ ಹೆಚ್ಚು ದುಡ್ಡು ಹಾಕಬಹುದಾ, ಕಳೆದುಹೋದ ಮೊಬೈಲ್ ಬ್ಲಾಕ್ ಮಾಡಿಸುವ ಹಾಗೆ ಇದನ್ನೂ ಮಾಡಿಸಬಹುದಾ ಅಂತ ಕೇಳಿದ್ದೀರಿ. ನಾನು ಈ ಎಳೆ ಬೆಸೆಯುವ ಜಾಯಿಂಟಿಂಗ್ ಕೆಲಸದಲ್ಲೇ ಬೆಳೆದವನು, ಈಗ ಹಲವು ತಂಡಗಳ ಉಪಕರಣ ನೋಡಿಕೊಳ್ಳುತ್ತೇನೆ. ದುಡ್ಡು ಹಾಕಿ, ಆದರೆ ಯಾವ ಬಗೆಯ ಲಾಕ್ ಅಂತ ವಿಚಾರಿಸಿಕೊಂಡು ಹಾಕಿ. ಮೊಬೈಲ್ ಥರ ಬ್ಲಾಕ್ ಮಾಡಿಸುವುದಂತೂ ಸಾಧ್ಯವಿಲ್ಲ.

ಮೊಬೈಲ್‌ಗೆ ಐಎಂಇಐ ಅನ್ನುವ ಗುರುತಿನ ಸಂಖ್ಯೆ ಇದೆ. ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಅದನ್ನು ಬ್ಲಾಕ್ ಮಾಡಿಸಿದರೆ ದೇಶದ ಯಾವ ನೆಟ್‌ವರ್ಕೂ ಆ ಫೋನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸ್ಪ್ಲೈಸಿಂಗ್ ಮಷಿನ್‌ಗೆ ಯಾವ ನೆಟ್‌ವರ್ಕಿನ ಹಂಗೂ ಇಲ್ಲ. ಎರಡು ಎಳೆ ಇಟ್ಟು ಮುಚ್ಚಳ ಹಾಕಿದರೆ ಆರ್ಕ್ (ವಿದ್ಯುತ್ ಕಿಡಿ) ಹೊಡೆದು ಬೆಸೆದುಬಿಡುತ್ತದೆ. ಅದಕ್ಕಿರುವ ಗುರುತು ಸೀರಿಯಲ್ ನಂಬರ್ ಒಂದೇ. ಹಾಗಾಗಿ ಬೀಗ ಮಷಿನ್‌ನ ಒಳಗೇ ಇರಬೇಕು, ಕಳುವಾಗುವ ಮೊದಲೇ ಚಾಲೂ ಆಗಿರಬೇಕು.

'ರಿಮೋಟ್ ಲಾಕ್' ಅನ್ನುವ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆ ಮಾರುತ್ತಾರೆ. ಒಂದರಲ್ಲಿ ನೀವು ಕ್ಲೌಡ್‌ನಿಂದ ಲಾಕ್ ಆಜ್ಞೆ ಕಳಿಸುತ್ತೀರಿ. ಮಷಿನ್ ವೈಫೈಗೋ ಜೋಡಿಸಿದ ಮೊಬೈಲ್ ಆ್ಯಪ್‌ಗೋ ಸಿಗುವವರೆಗೆ ಆ ಆಜ್ಞೆ ಸರ್ವರ್‌ನಲ್ಲೇ ಕೂತಿರುತ್ತದೆ. ಕದ್ದವನಿಗೆ ಅದನ್ನು ಇಂಟರ್ನೆಟ್‌ಗೆ ಜೋಡಿಸುವ ದರ್ದೇನಿದೆ? ಇನ್ನೊಂದು ಅವಧಿಯ ಲಾಕ್: ಇಂತಿಷ್ಟು ದಿನಕ್ಕೊಮ್ಮೆ ಮಷಿನ್ ಇಂಟರ್ನೆಟ್‌ಗೆ ಸೇರಿ ಸರ್ವರ್‌ಗೆ ಹಾಜರಿ ಹಾಕಲೇಬೇಕು, ಹಾಕದಿದ್ದರೆ ತಾನಾಗಿಯೇ ಲಾಕ್ ಆಗುತ್ತದೆ. ನಿಮಗೆ ಬೇಕಾಗಿರುವುದು ಇದು. ಮಷಿನ್ ತಯಾರಿಸುವ ಸುಮಿಟೊಮೊ ಕಂಪನಿಯ ಸುಮಿಕ್ಲೌಡ್ ಥರದ ಕ್ಲೌಡ್ ಸೇವೆಗಳಿವೆ. ಆದರೆ ನೀವು ಕೊಳ್ಳುವ ಮಾಡೆಲ್‌ಗೆ ಈ ಎರಡರಲ್ಲಿ ಯಾವ ಲಾಕ್ ಬರುತ್ತದೆ ಅನ್ನುವುದನ್ನು ಮಾರುವವರಿಂದ ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಡೆಮೊ ಕೊಡಲು ಬಂದಾಗ ಪೂರ್ತಿ ಪರೀಕ್ಷೆ ಮಾಡಿ. ಮಷಿನ್ ಲಾಕ್ ಮಾಡಿಸಿ, ಬ್ಯಾಟರಿ ತೆಗೆದು ಮತ್ತೆ ಹಾಕಿ. ಫ್ಯಾಕ್ಟರಿ ರಿಸೆಟ್ ಮಾಡಲು ಹೇಳಿ. ಸೆಟ್ಟಿಂಗ್ಸ್‌ಗೆ ಹೋಗಿ ದಿನಾಂಕವನ್ನು ಎರಡು ತಿಂಗಳು ಹಿಂದಕ್ಕೆ ಇಡಿ. ಇದರಲ್ಲಿ ಯಾವುದಕ್ಕಾದರೂ ಲಾಕ್ ಬಿಟ್ಟುಕೊಂಡರೆ ಆ ಲಾಕ್‌ಗೆ ಒಂದು ರೂಪಾಯಿ ಹೆಚ್ಚು ಕೊಡುವುದೂ ದಂಡ. ಅದರಲ್ಲೂ ದಿನಾಂಕದ ಪರೀಕ್ಷೆ ಬಿಡಬೇಡಿ, ಅವಧಿಯ ಲಾಕ್ ದಿನ ಎಣಿಸುವುದು ಮಷಿನ್‌ನ ಗಡಿಯಾರ ನೋಡಿಯೇ ಆಗಿರಬಹುದು.

ಅವಧಿ ಎಷ್ಟಿಡಬೇಕು ಅನ್ನುವುದು ಕಷ್ಟದ ಲೆಕ್ಕ. ಒಂದೇ ದಿನ ಅಂತ ಇಟ್ಟರೆ ಮಲೆನಾಡಿನ ಸಿಗ್ನಲ್ ಇಲ್ಲದ ಕಡೆ ನಡುರಾತ್ರಿ ಕೇಬಲ್ ಕಟ್ ಆದಾಗ ಮಷಿನ್ ಕೈಕೊಡುತ್ತದೆ. ಕೇಬಲ್ ಗುಂಡಿಯ (ಚೇಂಬರ್) ಪಕ್ಕ ಟಾರ್ಚ್ ಬೆಳಕಲ್ಲಿ ಕೇಬಲ್ ಸುಲಿದು, ನಲವತ್ತೆಂಟು ಎಳೆಯನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಕೂತ ಹುಡುಗನಿಗೆ ಪರದೆಯ ಮೇಲೆ ಲಾಕ್ ಚಿತ್ರ ಕಂಡರೆ ಅದಕ್ಕಿಂತ ಸಂಕಟ ಬೇರೆ ಇಲ್ಲ. ತಿಂಗಳು ಅಂತ ಇಟ್ಟರೆ ಅಷ್ಟರಲ್ಲಿ ಮಷಿನ್ ಎರಡು ಕೈ ದಾಟಿರುತ್ತದೆ. ನನಗೆ ಒಂದು ವಾರ ಸರಿ ಅನ್ನಿಸುತ್ತದೆ. ಹುಡುಗರು ಸ್ಲೀವ್, ಪಿಗ್‌ಟೇಲ್ ಥರದ ಜೋಡಣೆ ಸಾಮಾನು ತೆಗೆದುಕೊಳ್ಳಲು ವಾರಕ್ಕೊಮ್ಮೆ ಸ್ಟೋರಿಗೆ ಬಂದೇ ಬರುತ್ತಾರೆ, ಆಗ ಆಫೀಸ್ ವೈಫೈಗೆ ಹಾಕಿದರೆ ಮುಗಿಯಿತು.

ಅಡ್ಮಿನ್ ಖಾತೆ ಮಾಲೀಕರಾದ ನಿಮ್ಮ ಸಂಸ್ಥೆಯ ಇಮೇಲ್‌ನಲ್ಲೇ ಇರಲಿ. ಮಷಿನ್ ಹಿಡಿದು ಓಡಾಡುವವರ ಫೋನಿನಲ್ಲೂ ಬೇಡ, ಡೀಲರ್ ಹೆಸರಲ್ಲೂ ಬೇಡ. ಹುಡುಗರನ್ನು ಅನುಮಾನಿಸಿ ಅಂತಲ್ಲ. ಅವರು ಕೆಲಸ ಬಿಟ್ಟುಹೋದಾಗ ಬೀಗದ ಕೈಯೂ ಜೊತೆಗೆ ಹೋಗಬಾರದು. ಆದರೆ ಒಂದು ಮಾತು ನಿಜ, ಈ ಮಷಿನ್‌ಗೆ ಲಕ್ಷಗಟ್ಟಲೆ ಬೆಲೆಯಿದೆ ಅಂತ ಗೊತ್ತಿರುವವರು, ಇದನ್ನು ಕೊಳ್ಳುವವರು, ನಮ್ಮ ಲೈನಿನವರೇ. ಹಾಗಾಗಿ ಲಾಕ್ ಇದೆ ಅನ್ನುವುದನ್ನು ಮುಚ್ಚಿಡಬೇಡಿ. ಮಷಿನ್ ಮೈಮೇಲೆ ದಪ್ಪ ಅಕ್ಷರದಲ್ಲಿ ಸಂಸ್ಥೆಯ ಹೆಸರು ಕೆತ್ತಿಸಿ, ಕೆಳಗೆ 'ವಾರಕ್ಕೆ ತಾನೇ ಲಾಕ್ ಆಗುತ್ತದೆ' ಅಂತ ಬರೆಸಿ. ಅದನ್ನು ಓದಿದ ಮೇಲೆ ಕೊಳ್ಳುವವನು ಹಿಂದೆ ಸರಿಯುತ್ತಾನೆ.

ಮಷಿನ್ ಒಯ್ಯುವ ಪೆಟ್ಟಿಗೆಯಲ್ಲಿ ಜಿಪಿಎಸ್ ಟ್ಯಾಗ್ ಇಡುವುದು ಮರೆತು ಬಿಟ್ಟುಬಂದಾಗ ಉಪಯೋಗಕ್ಕೆ ಬರುತ್ತದೆ. ಆದರೆ ಕಳ್ಳ ಮೊದಲು ಎಸೆಯುವುದೇ ಆ ಪೆಟ್ಟಿಗೆಯನ್ನು. ಎಳೆ ಕತ್ತರಿಸುವ ಕ್ಲೀವರ್‌ಗೂ ಬೆಳಕಿನ ಬಲ ಅಳೆಯುವ ಪವರ್ ಮೀಟರ್‌ಗೂ ಸಾಮಾನ್ಯವಾಗಿ ಇಂಥ ಲಾಕ್ ಇರುವುದಿಲ್ಲ, ಅವು ರಾತ್ರಿ ಗಾಡಿಯಲ್ಲಿ ಉಳಿಯದಂತೆ ನೋಡಿಕೊಳ್ಳುವುದೇ ದಾರಿ. ವಿಮೆ ಮಾಡಿಸುವುದಾದರೆ, ಯಾರೂ ಇಲ್ಲದ ವಾಹನದಿಂದ ಕಳುವಾದರೆ ದುಡ್ಡು ಬರುತ್ತದಾ ಅನ್ನುವ ಷರತ್ತನ್ನು ಮೊದಲು ಓದಿ.

ಈಗಾಗಲೇ ಹೋಗಿರುವ ಮಷಿನ್‌ಗೆ ಬರೋಣ. ಪೊಲೀಸರ ಇ-ಲಾಸ್ಟ್‌ನಲ್ಲಿ ದಾಖಲಿಸಿ ಸುಮ್ಮನಾಗಬೇಡಿ, ಅದು ಕಳೆದುಹೋದ ವಸ್ತುಗಳಿಗೆ. ಠಾಣೆಗೆ ಹೋಗಿ ಕಳ್ಳತನದ ಎಫ್‌ಐಆರ್ ಮಾಡಿಸಿ, ಬಿಲ್ ಜೊತೆ ಸೀರಿಯಲ್ ನಂಬರ್ ಅದರಲ್ಲಿ ನಮೂದಾಗಲಿ. ಆ ಪ್ರತಿಯನ್ನು ಕಂಪನಿಯ ಸರ್ವಿಸ್ ಸೆಂಟರ್‌ಗೆ ಇಮೇಲ್ ಮಾಡಿ, ಈ ನಂಬರಿನ ಮಷಿನ್ ಬಂದರೆ ತಿಳಿಸಿ ಅಂತ ಕೇಳಿ. ಕಿಡಿ ಹೊಡೆಯುವ ಎಲೆಕ್ಟ್ರೋಡನ್ನು ಯಾರಾದರೂ ಹೊರಗೆ ಕೊಂಡು ತಾವೇ ಹಾಕಿಕೊಳ್ಳಬಹುದು. ಕ್ಯಾಮೆರಾ, ಮೋಟರ್ ಕೆಟ್ಟರೆ ಅಷ್ಟು ಸುಲಭವಲ್ಲ, ಆಗ ಸರ್ವಿಸ್‌ಗೆ ತರುವ ಸಾಧ್ಯತೆ ಹೆಚ್ಚು.